ಹಳೆಯ ಪಟವೊಂದರ ಕಾಲನಿರ್ಣಯ

ನಮ್ಮ ಕಡೆಯ ಹಳೆಯ ಮನೆಗಳ ನಡುಮನೆಯಲ್ಲಿ, ತೊಲೆಯ ಕೆಳಗೆ, ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಪಟಗಳ ಸಾಲನ್ನು ವಾಚಕರು ನೋಡಿಯೇ ಇರುತ್ತಾರೆ. ದೇವರ ಪಟಗಳಿಂದ ಆರಂಭವಾಗುವ ಆ ಸಾಲು ಮಹಾರಾಜರನ್ನು ದಾಟಿ, ರುಮಾಲು ಸುತ್ತಿದ ಹಿರಿಯರನ್ನು ದಾಟಿ, ಯಾರದೋ ಮದುವೆಯ ಗುಂಪಿನಲ್ಲಿ ಕೊನೆಗೊಳ್ಳುತ್ತದೆ. ಅವರೆಲ್ಲರ ಹೆಸರನ್ನೂ ಹೇಳಬಲ್ಲವರು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಅವರು ತೀರಿಕೊಂಡ ಮರುದಿನ ಗೋಡೆಯ ಮೇಲಿನ ಅರ್ಧದಷ್ಟು ಮಂದಿ ಅಪರಿಚಿತರಾಗಿಬಿಡುತ್ತಾರೆ.

ನಮ್ಮ ಮನೆಯಲ್ಲಿ ಹಾಗೆ ಹೇಳಬಲ್ಲವರು ನಮ್ಮ ಸೋದರತ್ತೆಯವರು. ಈಗ ಅವರಿಗೆ ಎಂಬತ್ತಾರು ವರ್ಷ. ಆ ಸಾಲಿನಲ್ಲಿ ಒಂದು ಪಟವಿದೆ. ಉದ್ದ ಕೋಟು ತೊಟ್ಟು ಕುರ್ಚಿಯ ಮೇಲೆ ಕುಳಿತಿರುವವರು ನಮ್ಮ ಮುತ್ತಾತ. ಪಕ್ಕದಲ್ಲಿ ನಿಂತ ಹೆಂಗಸು. ಇಬ್ಬರ ನಡುವೆ ಮೂರು ವರ್ಷದ ಒಬ್ಬ ಹುಡುಗ. ಹಿಂದೆ ನಮ್ಮ ಹಳ್ಳಿಯ ಮನೆಯ ಜಗಲಿ, ಬದಿಯಲ್ಲಿ ತುಳಸಿಕಟ್ಟೆ. ಆ ಹೆಂಗಸು ತಮ್ಮ ಅಜ್ಜಿಯೆಂದೂ ಆ ಹುಡುಗ ತಮ್ಮ ತಂದೆಯೆಂದೂ ಸೋದರತ್ತೆಯವರು ಬಾಲ್ಯದಿಂದ ನಂಬಿದ್ದರು. ಆ ಅಜ್ಜಿಯನ್ನು ಅವರು ಕಂಡವರಲ್ಲ. ಇವರು ಹುಟ್ಟುವುದಕ್ಕೆ ಮುಂಚೆಯೇ ಆಕೆ ತೀರಿಕೊಂಡಿದ್ದರು. ಪಟದಲ್ಲಿ ಕಂಡದ್ದೇ ಕಂಡದ್ದು. ಪ್ರತಿ ಶುಕ್ರವಾರವೂ ಅದಕ್ಕೆ ಒಂದು ಹೂವು ಏರುತ್ತಿತ್ತು.

ಕೆಲವು ವರ್ಷಗಳ ಕೆಳಗೆ ಒಂದು ಮದುವೆಗೆ ಬಂದ ದೂರದ ನೆಂಟರೊಬ್ಬರು, ವಯಸ್ಸಾದವರು, ಈ ಪಟದ ಮುಂದೆ ನಿಂತು, “ಇದು ನಮ್ಮ ಮನೆಯ ಹೆಣ್ಣುಮಗಳ ಪಟವಲ್ಲವೆ?” ಎಂದುಬಿಟ್ಟರು. ಮುತ್ತಾತನಿಗೆ ಇಬ್ಬರು ಹೆಂಡಿರು. ಮೊದಲನೆಯಾಕೆ ಪ್ಲೇಗು ಮಾರಿಗೆ ತುತ್ತಾದವರು. ಎರಡನೆಯಾಕೆ ಸೋದರತ್ತೆಯವರ ಅಜ್ಜಿ. ಬಂದವರು ಮೊದಲನೆಯಾಕೆಯ ತವರಿನ ಕಡೆಯವರು. ಅವರ ಮಾತು ನಿಜವಾದರೆ ಸೋದರತ್ತೆಯವರು ಜೀವಮಾನವಿಡೀ ಹೂವಿಟ್ಟದ್ದು ಬೇರೊಬ್ಬರಿಗೆ. ಅಷ್ಟೇ ಅಲ್ಲದೆ, ಅವರ ಅಜ್ಜಿಯ ಪಟವಾಗಲಿ ತಂದೆಯ ಬಾಲ್ಯದ ಪಟವಾಗಲಿ ಮನೆಯಲ್ಲಿ ಇಲ್ಲವೇ ಇಲ್ಲವೆಂದಾಯಿತು. ಅವರು ಆ ದಿನ ಊಟಕ್ಕೆ ಏಳಲಿಲ್ಲ. ಭೌತಶಾಸ್ತ್ರ ಕಲಿಸುವವರು ಮನೆಯಲ್ಲಿ ಇದ್ದುದರಿಂದ ನಿರ್ಣಯದ ಕೆಲಸ ನಮ್ಮ ಪಾಲಿಗೆ ಬಂತು. ನಾವು ಅದನ್ನು ಸ್ವಲ್ಪ ಹಗುರವಾಗಿಯೇ ಒಪ್ಪಿಕೊಂಡೆವೆಂದು ಹೇಳಬೇಕು.

ಪಟದ ಕಾಲವನ್ನು ತಿಳಿಯಲು ಮೊದಲು ಮಾಡಬೇಕಾದದ್ದು ಪಟದೊಳಗಿನ ಜನರನ್ನು ಮರೆತು ಕಾಗದವನ್ನು ನೋಡುವುದು. ಛಾಯಾಗ್ರಹಣವು 1839ರಲ್ಲಿ ಪ್ಯಾರಿಸಿನಲ್ಲಿ ದಾಗೇರ್ ಎಂಬಾತನ ವಿಧಾನವಾಗಿ ಲೋಕಕ್ಕೆ ಪ್ರಕಟವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಆ ಚಿತ್ರಕ್ಕೆ ಎರಡನೆಯ ಪ್ರತಿಯಿರಲಿಲ್ಲ. 1851ರಲ್ಲಿ ಆರ್ಚರ್ ಎಂಬಾತ ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆಯುವ ಕ್ರಮವನ್ನು ತೋರಿಸಿಕೊಟ್ಟನು. ಅಂಥ ತಟ್ಟೆಯಿಂದ ಎಷ್ಟು ಪ್ರತಿಗಳನ್ನಾದರೂ ಪಡೆಯಬಹುದಾಗಿತ್ತು. ಪ್ರತಿ ತೆಗೆಯುವ ಕಾಗದಕ್ಕೆ ಹಚ್ಚುತ್ತಿದ್ದುದು ಕೋಳಿಮೊಟ್ಟೆಯ ಬಿಳಿಯ ಲೋಳೆ. ಬ್ಲಾಂಕಾರ್-ಎವ್ರಾರ್ 1850ರಲ್ಲಿ ಬಳಕೆಗೆ ತಂದ ಈ ಕಾಗದವೇ ಹತ್ತೊಂಬತ್ತನೆಯ ಶತಮಾನದ ಬಹುಪಾಲು ಚಿತ್ರಗಳನ್ನು ಹೊತ್ತಿದೆ. ಶುದ್ಧ ಸಸ್ಯಾಹಾರದ ಮನೆಗಳ ಗೋಡೆಯ ಮೇಲೂ ಈ ಮೊಟ್ಟೆಯ ಲೋಳೆ ನೂರು ವರ್ಷ ನಿಶ್ಚಿಂತೆಯಿಂದ ಕುಳಿತಿತ್ತೆಂಬುದನ್ನು ನೆನೆದರೆ ನಗು ಬರುತ್ತದೆ. 1871ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯನು ಜೆಲಟಿನ್ನಿನ ಒಣತಟ್ಟೆಯನ್ನು ಸೂಚಿಸಿದನು. ಆ ಶತಮಾನದ ಕೊನೆಯ ಹೊತ್ತಿಗೆ ಕಾಗದದ ಮೇಲೂ ಜೆಲಟಿನ್ನೇ ಗೆದ್ದಿತು.

ಇವೆರಡು ಕಾಗದಗಳನ್ನು ಬೇರೆಬೇರೆಯಾಗಿ ಗುರುತಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಸಾಕು. ಮೊಟ್ಟೆಯ ಲೋಳೆಯ ಪೊರೆ ಬಹಳ ತೆಳುವಾದುದರಿಂದ ಅದರ ಮೂಲಕ ಕಾಗದದ ನಾರುಗಳು ಸ್ಪಷ್ಟವಾಗಿ ಕಾಣುತ್ತವೆ. ಜೆಲಟಿನ್ ಕಾಗದದಲ್ಲಿ ಸಾಮಾನ್ಯವಾಗಿ ನಾರಿಗೂ ಚಿತ್ರಕ್ಕೂ ನಡುವೆ ಬೇರಿಯಮ್ ಸಲ್ಫೇಟಿನ ಬಿಳಿಯ ಪದರವೊಂದಿರುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಇಟ್ಟಿಗೆ ಕಾಣದಂತೆ ಇಲ್ಲಿ ನಾರು ಕಾಣದು. ಬಣ್ಣವೂ ಬೇರೆ. ಲೋಳೆಯ ಕಾಗದದಲ್ಲಿ ಬಿಸಿಲೇ ನೇರವಾಗಿ ಬೆಳ್ಳಿಯನ್ನು ಬಿಡಿಸುತ್ತದೆ; ಹಾಗೆ ಬಿಡುಗಡೆಯಾದ ಕಣಗಳು ಅತಿ ಸೂಕ್ಷ್ಮವಾದ ಗುಂಡುಗಳಾದುದರಿಂದ ಬೆಳಕನ್ನು ಚೆದರಿಸಿ ಕಂದು ಅಥವಾ ನೇರಳೆಗಂದು ಛಾಯೆಯನ್ನು ಕೊಡುತ್ತವೆ. ರಾಸಾಯನಿಕ ದ್ರವದಲ್ಲಿ ಅದ್ದಿ ಮೂಡಿಸಿದ ಜೆಲಟಿನ್ ಚಿತ್ರದಲ್ಲಿ ಬೆಳ್ಳಿಯು ಸಿಕ್ಕುಗಟ್ಟಿದ ಎಳೆಗಳ ರೂಪದಲ್ಲಿದ್ದು, ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮನಾಗಿ ನುಂಗಿ ಕರಿದಾಗಿ ಕಾಣುತ್ತದೆ. ಎರಡರಲ್ಲಿಯೂ ಇರುವುದು ಬೆಳ್ಳಿಯೇ. ಜೆಲಟಿನ್ ಪಟಗಳ ಅಂಚಿನಲ್ಲಿ, ಕಪ್ಪಾದ ಭಾಗಗಳ ಮೇಲೆ, ಓರೆಯಾಗಿ ಹಿಡಿದಾಗ ಕನ್ನಡಿಯಂಥ ನೀಲಿಹೊಳಪು ಕಾಣುವುದುಂಟು. ತೇವಕ್ಕೂ ಗಾಳಿಯ ಕಲ್ಮಷಕ್ಕೂ ಸಿಕ್ಕಿದ ಬೆಳ್ಳಿ ಅಯಾನುಗಳಾಗಿ ಮೇಲಕ್ಕೆ ಹರಿದು ಅಲ್ಲಿ ಮತ್ತೆ ಲೋಹವಾಗಿ ನಿಂತದ್ದೇ ಆ ಹೊಳಪು. ಅದನ್ನು ಒರೆಸಲು ಹೋಗಬಾರದು.

ನಮ್ಮ ಪಟವನ್ನು ಚೌಕಟ್ಟಿನಿಂದ ಬಿಡಿಸಿದಾಗ ದಪ್ಪನೆಯ ಬೂದುಬಣ್ಣದ ರಟ್ಟಿಗೆ ಅಂಟಿಸಿದ ಜೆಲಟಿನ್ ಪ್ರತಿ ದೊರೆಯಿತು. ನಾರು ಕಾಣಲಿಲ್ಲ, ಅಂಚಿನಲ್ಲಿ ನೀಲಿಹೊಳಪಿತ್ತು. ಅಂಥ ರಟ್ಟು, ಅಂಥ ಕಾಗದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವು. ಮೊದಲನೆಯ ಹೆಂಡತಿ ತೀರಿಕೊಂಡದ್ದು ವಿಳಂಬಿ ಸಂವತ್ಸರದಲ್ಲಿ, ಎಂದರೆ 1898ರಲ್ಲಿ; ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಅಲ್ಲಿಂದ ಸಂಸ್ಥಾನದಲ್ಲೆಲ್ಲ ಹರಡಿತ್ತು. ಆದುದರಿಂದ ಪಟದಲ್ಲಿರುವವರು ಎರಡನೆಯಾಕೆಯೇ ಎಂದು ನಾವು ತೀರ್ಮಾನಿಸಿ ಸೋದರತ್ತೆಯವರಿಗೆ ಹೇಳಿದೆವು. ಅವರು ಸಂತೋಷದಿಂದ ನಮಗೆ ಒಬ್ಬಟ್ಟು ಮಾಡಿ ಬಡಿಸಿದರು. ಆ ಒಬ್ಬಟ್ಟು ನಮ್ಮ ಋಣವಾಗಿ ಉಳಿಯಿತು. ಏಕೆಂದರೆ ತೀರ್ಮಾನ ತಪ್ಪಾಗಿತ್ತು.

ಪಟದ ಮಧ್ಯದಲ್ಲಿ, ಹುಡುಗನ ತಲೆಯ ಮೇಲಿಂದ ಹಾದುಹೋಗುವ ಒಂದು ಬಿಳಿಯ ಗೀರನ್ನು ನಾವು ಮಡಿಕೆಯ ಗುರುತೆಂದು ಮೊದಲೇ ನೋಡಿದ್ದೆವು. ಕೆಲವು ದಿನಗಳ ಅನಂತರ ಯಾವುದೋ ಯೋಚನೆಯಲ್ಲಿ ಅದರ ಮೇಲೆ ಬೆರಳಾಡಿಸಿದಾಗ ಬೆರಳಿಗೆ ಏನೂ ತಾಗಲಿಲ್ಲ. ಕಾಗದ ನುಣುಪಾಗಿತ್ತು! ಮಡಿಕೆ ಕಾಗದದಲ್ಲಿರಲಿಲ್ಲ, ಚಿತ್ರದಲ್ಲಿತ್ತು. ಎಂದರೆ, ಮಡಿಸಿ ಹಾಳಾಗಿದ್ದ ಹಿಂದಿನ ಪಟವೊಂದನ್ನು ಯಾರೋ ಸ್ಟುಡಿಯೋಗೆ ಕೊಂಡೊಯ್ದು ಅದರ ಚಿತ್ರವನ್ನು ಮತ್ತೆ ತೆಗೆಸಿದ್ದರು. ಹೀಗೆ ಮಾಡುವುದು ಆಗ ಸಾಮಾನ್ಯವಾಗಿತ್ತು. ಕಾಗದದ ವಯಸ್ಸು ಪ್ರತಿ ತಯಾರಾದ ಕಾಲವನ್ನು ಹೇಳುತ್ತದೆಯೇ ಹೊರತು ಆ ಮೂವರು ಅಂಗಳದಲ್ಲಿ ಕುಳಿತ ಕಾಲವನ್ನಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಇಂಥ ತಪ್ಪು ಮಾಡಿದರೆ ನಾವು ಅಂಕ ಕಳೆಯುತ್ತೇವೆ.

ಇನ್ನೊಂದು ಭ್ರಾಂತಿಯನ್ನೂ ಇಲ್ಲಿಯೇ ನಿವಾರಿಸಬಹುದು. “ನಮ್ಮಜ್ಜಿ ಕರೀ ಸೀರೆ ಉಟ್ಟಿದ್ದಾರೆ, ಹಣೆಗೆ ಕರೀ ಬೊಟ್ಟು ಇಟ್ಟಿದ್ದಾರೆ” ಎಂದು ಸೋದರತ್ತೆಯವರು ಹೇಳುವುದಿತ್ತು. ಹಳೆಯ ಪಟಗಳ ಬಣ್ಣವನ್ನು ಹೀಗೆ ನಂಬಲಾಗದು. ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿ, ನೇರಳೆ ಮತ್ತು ಅತಿನೇರಳೆ ಕಿರಣಗಳಿಗೆ ಮಾತ್ರ ಸ್ಪಂದಿಸುತ್ತವೆ; ಸುಮಾರು 500 ನ್ಯಾನೊಮೀಟರಿಗಿಂತ ಉದ್ದವಾದ ಅಲೆಗಳ ಒಂದೊಂದು ಕಣಕ್ಕೂ ಲವಣದಲ್ಲಿನ ಎಲೆಕ್ಟ್ರಾನನ್ನು ಬಿಡಿಸುವಷ್ಟು ಶಕ್ತಿಯಿರುವುದಿಲ್ಲ. ಕೆಂಪು ಬೆಳಕು ಎಷ್ಟು ಹೊತ್ತು ಬಿದ್ದರೂ ತಟ್ಟೆಯ ಪಾಲಿಗೆ ಅದು ಕತ್ತಲೆಯೇ. ಆದುದರಿಂದ ಕೆಂಪು ಸೀರೆ ಕಪ್ಪಾಗಿಯೂ, ಆಕಾಶ ಬೆಳ್ಳಗೂ, ಅರಿಸಿನ ಹಚ್ಚಿದ ಮುಖ ನಿಜಕ್ಕಿಂತ ಕಂದಾಗಿಯೂ ಮೂಡುತ್ತಿದ್ದವು. ವರ್ಣದ್ರವ್ಯ ಬೆರಸಿದರೆ ತಟ್ಟೆಗೆ ಇತರ ಬಣ್ಣಗಳೂ ಕಾಣುವುವೆಂದು 1873ರಲ್ಲಿ ಫೋಗೆಲ್ ಕಂಡುಹಿಡಿದನು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ತಟ್ಟೆಗಳು ಅಂಗಡಿಗೆ ಬಂದದ್ದು 1906ರಲ್ಲಿ. ಆಮೇಲೆಯೂ ಅಗ್ಗದ ಹಳೆಯ ಬಗೆಯವೇ ಎಷ್ಟೋ ಕಾಲ ನಡೆದವು. ಆಕೆ ಇಟ್ಟುಕೊಂಡಿದ್ದುದು ಎಲ್ಲರಂತೆ ಕೆಂಪು ಕುಂಕುಮವೇ ಇರಬೇಕು.

ಕಾಗದ ಕೈಕೊಟ್ಟ ಮೇಲೆ ನಾವು ಸೂರ್ಯನನ್ನು ಕೇಳಿದೆವು. ಪಟದಲ್ಲಿ ತುಳಸಿಕಟ್ಟೆಯ ನೆರಳು ಚಪ್ಪಡಿ ಹಾಸಿದ ಅಂಗಳದ ಮೇಲೆ ಸ್ಫುಟವಾಗಿ ಬಿದ್ದಿತ್ತು. ನೆರಳೆಂದರೆ ಗಡಿಯಾರವೂ ಹೌದು, ಪಂಚಾಂಗವೂ ಹೌದು. ಸೂರ್ಯನು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆ ಎಂಬುದು ಅವನ ಉನ್ನತಿ. ಯಾವ ದಿಕ್ಕಿನಲ್ಲಿದ್ದಾನೆ ಎಂಬುದು ದಿಗಂಶ. ವಸ್ತುವಿನ ಎತ್ತರಕ್ಕೂ ನೆರಳಿನ ಉದ್ದಕ್ಕೂ ಇರುವ ಪ್ರಮಾಣದಿಂದ ಮೊದಲನೆಯದು ದೊರೆಯುತ್ತದೆ, ನೆರಳು ಚಾಚಿದ ದಿಕ್ಕಿನಿಂದ ಎರಡನೆಯದು. ಇವೆರಡರ ಜೊತೆಗೆ ಊರಿನ ಅಕ್ಷಾಂಶ ತಿಳಿದರೆ ಗೋಳೀಯ ತ್ರಿಕೋಣಮಿತಿಯ ಒಂದೇ ಸೂತ್ರದಿಂದ ಸೂರ್ಯನ ಕ್ರಾಂತಿಯನ್ನು, ಎಂದರೆ ಅವನು ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಸರಿದಿದ್ದಾನೆಂಬುದನ್ನು, ಲೆಕ್ಕಹಾಕಬಹುದು. ಕ್ರಾಂತಿ ತಿಳಿದರೆ ವರ್ಷದ ಯಾವ ಕಾಲವೆಂಬುದು ತಿಳಿಯಿತು.

ನಮ್ಮ ನಾಡು ಉಷ್ಣವಲಯದಲ್ಲಿರುವುದರಿಂದ ಈ ಕೆಲಸಕ್ಕೆ ಒಂದು ವಿಶೇಷ ಅನುಕೂಲವಿದೆ. ಮೈಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ. ಏಪ್ರಿಲ್ 23ರ ಸುಮಾರಿಗೆ ಮಧ್ಯಾಹ್ನದ ಸೂರ್ಯನು ಅಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಆಮೇಲೆ ಆಗಸ್ಟ್ 20ರ ಸುಮಾರಿನವರೆಗೆ ನೆತ್ತಿಯ ಉತ್ತರಕ್ಕೆ ಹಾಯುತ್ತಾನೆ. ಆ ನಾಲ್ಕು ತಿಂಗಳು ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿಯಲ್ಲಿ ಇದು ಎಂದಿಗೂ ನಡೆಯದು, ಲಂಡನ್ನಿನಲ್ಲಂತೂ ಕನಸಿನ ಮಾತು. ಉತ್ತರಕ್ಕೆ ಮುಖಮಾಡಿದ ಮನೆಯ ಮುಂಗೋಡೆಗೆ ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಸವರಬೇಕಾದರೆ ಕಾಲವು ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯೊಳಗೆ ಇರಲೇಬೇಕು. ನಮ್ಮ ಹಳ್ಳಿಯ ಮನೆ ಉತ್ತರಮುಖ. ಪಟದಲ್ಲಿ ಜಗಲಿಯ ಗೋಡೆಯ ಮೇಲೆ ಬಿಸಿಲಿದೆ.

ಹಳ್ಳಿಗೆ ಹೋಗಿ ಅಳತೆಪಟ್ಟಿ ಹಿಡಿದೆವು. ಕಟ್ಟೆ ಕಲ್ಲಿನದು, ಪಟದಲ್ಲಿ ಕಾಣುವ ಅದರ ಒಡೆದ ಮೂಲೆ ಇಂದಿಗೂ ಹಾಗೆಯೇ ಇದೆ. ಅದರ ಎತ್ತರ 3 ಅಡಿ 10 ಅಂಗುಲ. ಪಟದಲ್ಲಿ ನೆರಳಿನ ತುದಿ ಮುಟ್ಟಿದ ಚಪ್ಪಡಿಯನ್ನು ಎಣಿಸಿ ಗುರುತಿಸಿದಾಗ ನೆರಳಿನ ಉದ್ದ 3 ಅಡಿ 8 ಅಂಗುಲವಾಯಿತು. ಎಂದರೆ ಸೂರ್ಯನ ಉನ್ನತಿ ಸುಮಾರು 46 ಡಿಗ್ರಿ. ನೆರಳು ಪಶ್ಚಿಮದಿಂದ 17 ಡಿಗ್ರಿ ದಕ್ಷಿಣಕ್ಕೆ ವಾಲಿತ್ತು. ಆದುದರಿಂದ ಸೂರ್ಯನು ಪೂರ್ವದಿಂದ 17 ಡಿಗ್ರಿ ಉತ್ತರಕ್ಕಿದ್ದನು. ದಿಕ್ಸೂಚಿಯ ಮುಳ್ಳು ನಮ್ಮ ಪ್ರಾಂತದಲ್ಲಿ ನಿಜವಾದ ಉತ್ತರದಿಂದ ಒಂದೆರಡು ಡಿಗ್ರಿಗಿಂತ ಹೆಚ್ಚು ತಪ್ಪುವುದಿಲ್ಲ. ಆದರೂ ಚಪ್ಪಡಿಯ ಅಂದಾಜನ್ನು ಸೇರಿಸಿ ಮೂರು ಡಿಗ್ರಿಗಳ ಸಂಶಯವನ್ನು ಇಟ್ಟುಕೊಂಡೆವು. ಕ್ರಾಂತಿ ಹದಿನೆಂಟೂವರೆಯಿಂದ ಇಪ್ಪತ್ತೆರಡೂವರೆ ಡಿಗ್ರಿಯೊಳಗೆ ಎಂದು ಬಂತು. ವರ್ಷದಲ್ಲಿ ಸೂರ್ಯನು ಈ ಸ್ಥಾನವನ್ನು ಎರಡು ಸಲ ಹಾಯುತ್ತಾನೆ: ಉತ್ತರಕ್ಕೆ ಹೋಗುವಾಗ ಮೇ ಮಧ್ಯದಿಂದ ಜೂನ್ ಮೊದಲ ವಾರದೊಳಗೆ, ಹಿಂದಿರುಗುವಾಗ ಜುಲೈ ತಿಂಗಳಲ್ಲಿ. ಜುಲೈ ನಮ್ಮ ಕಡೆ ಮೋಡದ ತಿಂಗಳು; ಊರೂರು ತಿರುಗುವ ಛಾಯಾಗ್ರಾಹಕ ಆಗ ಹಳ್ಳಿಗೆ ಬರುವುದು ಅಪರೂಪ.

ಈ ಲೆಕ್ಕವೆಲ್ಲ ಚಿತ್ರವು ಎಡಬಲ ಮಗುಚಿಲ್ಲವೆಂಬ ನಂಬಿಕೆಯ ಮೇಲೆ ನಿಂತಿದೆ. ಗಾಜಿನ ತಟ್ಟೆಯನ್ನು ತಿರುವಿಟ್ಟು ಪ್ರತಿ ತೆಗೆದರೆ ಪೂರ್ವ ಪಶ್ಚಿಮವಾಗುತ್ತದೆ, ಬೆಳಗು ಸಂಜೆಯಾಗುತ್ತದೆ. ಬರಿಮೈಯ ಗೃಹಸ್ಥರ ಪಟವಾದರೆ ಜನಿವಾರ ಯಾವ ಭುಜದ ಮೇಲಿದೆಯೆಂದು ನೋಡಿದರೆ ಸಾಕು. ಬಲ ಭುಜದ ಮೇಲಿದ್ದರೆ ಒಂದೋ ಅವರು ಶ್ರಾದ್ಧದ ನಡುವೆ ಎದ್ದುಬಂದಿರಬೇಕು, ಇಲ್ಲವೆ ಪಟ ಮಗುಚಿರಬೇಕು. ಮುತ್ತಾತ ಕೋಟು ತೊಟ್ಟಿದ್ದರಿಂದ ಗುಂಡಿಪಟ್ಟಿಯನ್ನು ನೋಡಿದೆವು. ಎಡ ಮಗ್ಗುಲು ಬಲದ ಮೇಲೆ ಬಂದಿತ್ತು, ಸರಿಯಾಗಿಯೇ ಇತ್ತು.

ನೆರಳು ತಿಂಗಳನ್ನು ಹೇಳಿತು, ವರ್ಷವನ್ನು ಹೇಳಲಿಲ್ಲ. ಎಲ್ಲ ವರ್ಷಗಳ ಮೇ ತಿಂಗಳೂ ಸೂರ್ಯನಿಗೆ ಒಂದೇ. ಆದರೂ ಲೆಕ್ಕವನ್ನು ಕಣ್ಣಾರೆ ಪರೀಕ್ಷಿಸಬೇಕೆಂಬ ಆಸೆಯಿಂದ ಮೇ ತಿಂಗಳ ಮೂರನೆಯ ವಾರದಲ್ಲಿ ಮತ್ತೊಮ್ಮೆ ಹಳ್ಳಿಗೆ ಹೋದೆವು. ಸೂರ್ಯನ ಗಣನೆಯಂತೆ ಒಂಬತ್ತು ಗಂಟೆ, ನಮ್ಮ ಕೈಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು; ಆಕಾಶ ನಿರ್ಮಲವಾಗಿತ್ತು. ಕಟ್ಟೆಯ ಮುಂದೆ ಪಟವನ್ನು ಹಿಡಿದು ನಿಂತೆವು. ನೆರಳು ಇಲ್ಲವೇ ಇಲ್ಲ! ಅಂಗಳದ ಪೂರ್ವಕ್ಕಿರುವ ಮಹಡಿಯ ಭಾಗ ಬಿಸಿಲನ್ನು ಪೂರ್ತಿಯಾಗಿ ತಡೆದಿತ್ತು. ಕಟ್ಟೆಯ ನೆತ್ತಿಗೆ ಬಿಸಿಲು ತಾಗಿದಾಗ ಹತ್ತು ಗಂಟೆಯ ಸಮೀಪವಾಗಿತ್ತು, ಆಗ ನೆರಳು ಪಟದಲ್ಲಿರುವುದಕ್ಕಿಂತ ಬಹಳ ಗಿಡ್ಡವಾಗಿತ್ತು.

ಪಟದಲ್ಲಿ ಕಂಡ ನೆರಳು ಈ ಅಂಗಳದಲ್ಲಿ ಈಗ ಬೀಳುವುದು ಅಸಾಧ್ಯ. ಹಾಗಾದರೆ ಪಟ ತೆಗೆದಾಗ ಈ ಮಹಡಿಯ ಭಾಗ ಇರಲಿಲ್ಲ. ಭೂತಗನ್ನಡಿಯಲ್ಲಿ ಮತ್ತೆ ನೋಡಿದರೆ ಪಟದ ಎಡ ಅಂಚಿನಲ್ಲಿ ಗೋಡೆಯಿರಬೇಕಾದ ಕಡೆ ತೆಂಗಿನ ಗರಿಯೊಂದು ಕಾಣುತ್ತಿತ್ತು. ಮೂರು ತಿಂಗಳಿಂದ ಆ ಗರಿಯನ್ನು ನೋಡುತ್ತಲೇ ಇದ್ದೆವು. ಎದ್ದು ಹೋಗಿ ಮಹಡಿಯ ಬಾಗಿಲಿನ ತೊಲೆಯನ್ನು ಒರೆಸಿದೆವು; ಅದರ ಮೇಲೆ ಪ್ಲವ ಸಂವತ್ಸರವೆಂದು ಕೆತ್ತಿತ್ತು.

ಈಗ ಸಂವತ್ಸರಗಳ ವಿಚಾರ. ಹಳೆಯ ಜಾತಕ, ಕ್ರಯಪತ್ರ, ಲೆಕ್ಕದ ಪುಸ್ತಕಗಳಲ್ಲಿ ಇಸವಿ ಇರುವುದಿಲ್ಲ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳಲ್ಲೊಂದು ಇರುತ್ತದೆ. ಪ್ರಭವ ಸಂವತ್ಸರವು 1867, 1927, 1987ರ ಯುಗಾದಿಗಳಂದು ಆರಂಭವಾಯಿತೆಂಬುದನ್ನು ನೆನಪಿಟ್ಟರೆ ಉಳಿದುದನ್ನು ಬೆರಳಿನಲ್ಲಿ ಎಣಿಸಬಹುದು. ಜನವರಿಯಿಂದ ಯುಗಾದಿಯವರೆಗಿನ ದಿನಗಳು ಹಿಂದಿನ ಸಂವತ್ಸರಕ್ಕೆ ಸೇರಿದವೆಂಬುದನ್ನು ಮರೆತು ಒಂದು ವರ್ಷ ತಪ್ಪುವವರು ಬಹಳ ಮಂದಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ತಾತನೋ ಮೊಮ್ಮಗನೋ ಎಂಬ ಸಂಶಯ ಏಳುತ್ತದೆ. ಅದನ್ನು ಬಿಡಿಸುವುದು ತಿಥಿ ಮತ್ತು ವಾರಗಳ ಜೋಡಿ. ತಿಥಿಯನ್ನು ಚಂದ್ರನು ನಿರ್ಣಯಿಸುತ್ತಾನೆ, ಏಳು ವಾರಗಳು ಯಾವುದಕ್ಕೂ ಕಾಯದೆ ಸುತ್ತುತ್ತವೆ. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಗಡಿಯಾರಗಳು. ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿಯೂ ಸ್ವಾಮಿಕಣ್ಣು ಪಿಳ್ಳೆಯವರು 1911ರಲ್ಲಿಯೂ ಪ್ರಕಟಿಸಿದ ಗ್ರಂಥಗಳ ಕೋಷ್ಟಕಗಳಿಂದ ಇದನ್ನು ಒಂದು ಸಂಜೆಯಲ್ಲಿ ಸಾಧಿಸಬಹುದು.

ಮುತ್ತಾತನ ಜಾತಕವನ್ನೇ ನೋಡಿ. ವಿಭವ ಸಂವತ್ಸರ, ಶ್ರಾವಣ ಬಹುಳ ಅಮಾವಾಸ್ಯೆ, ಮಂಗಳವಾರ ಎಂದಿದೆ. ಗ್ರಹಣಶಾಂತಿ ಮಾಡಿಸಿದ ಟಿಪ್ಪಣಿಯೂ ಇದೆ. ವಿಭವವು 1808, 1868, 1928ರಲ್ಲಿ ಬಂದಿದೆ. 1808ರಲ್ಲಿ ಆ ತಿಥಿ ಭಾನುವಾರ ಬರುತ್ತದೆ. 1928ರಲ್ಲಿ ಅಧಿಕ ಶ್ರಾವಣವಿದ್ದು, ಅಧಿಕವನ್ನು ಹಿಡಿದರೂ ನಿಜವನ್ನು ಹಿಡಿದರೂ ಮಂಗಳವಾರ ಕೂಡುವುದಿಲ್ಲ. 1868ರಲ್ಲಿ ಅದು ಆಗಸ್ಟ್ 18, ಮಂಗಳವಾರ. ಆ ದಿನದ ಸೂರ್ಯಗ್ರಹಣವಂತೂ ಜಗತ್ಪ್ರಸಿದ್ಧವಾದದ್ದು. ಗುಂಟೂರಿನಲ್ಲಿ ಜಾನ್ಸೆನ್ ಎಂಬ ಫ್ರೆಂಚ್ ವಿಜ್ಞಾನಿಯೂ ನಮ್ಮ ಜಮಖಂಡಿಯಲ್ಲಿ ಹರ್ಷೆಲ್ ಎಂಬ ಸೇನಾಧಿಕಾರಿಯೂ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಅಂದು ನೋಡಿದರು. ಹೀಲಿಯಮ್ಮಿನ ಕತೆ ಅಲ್ಲಿಂದ ಆರಂಭವಾಗುತ್ತದೆ. ಅಂದು ಹುಟ್ಟಿದ ಮಗುವಿಗೆ ಶಾಂತಿ ಮಾಡಿಸಿದ್ದರಿಂದ ನಮಗೆ ಆತನ ಹುಟ್ಟಿದ ದಿನ ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಯಿತು. ಇದಕ್ಕೆ ಹೋಲಿಸಿದರೆ ಈಚಿನ ದಾಖಲೆಗಳೇ ಹೆಚ್ಚು ಸುಳ್ಳು ಹೇಳುತ್ತವೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ನಮ್ಮ ನಾಡಿನಲ್ಲಿ ಎಷ್ಟು ಮಂದಿಯ ಜನ್ಮದಿನವಾಗಿದೆಯೆಂಬುದು ಎಲ್ಲರಿಗೂ ಗೊತ್ತು.

ಪ್ಲವವೆಂದರೆ 1901ರ ಯುಗಾದಿಯಿಂದ 1902ರ ಯುಗಾದಿಯವರೆಗೆ. ಪಟ ಅದಕ್ಕಿಂತ ಹಿಂದಿನದು. ನಮ್ಮ ತಾತ, ಎಂದರೆ ಸೋದರತ್ತೆಯವರ ತಂದೆ, ಎರಡನೆಯಾಕೆಯ ಮೊದಲ ಮಗು, ಹುಟ್ಟಿದ್ದು ಶೋಭಕೃತು ಸಂವತ್ಸರದಲ್ಲಿ, 1903ರಲ್ಲಿ. ಮಹಡಿ ಏಳುವುದಕ್ಕೆ ಮುಂಚೆ ಅಂಗಳದಲ್ಲಿ ನಿಂತ ಮೂರು ವರ್ಷದ ಹುಡುಗ ಅವರಾಗಿರಲಾರರು. ಇಷ್ಟಕ್ಕೆ ತ್ರಿಕೋಣಮಿತಿ ಬೇಕಿರಲಿಲ್ಲ. ಆದರೆ ತ್ರಿಕೋಣಮಿತಿ ನಮ್ಮನ್ನು ಆ ಹೊತ್ತಿಗೆ ಅಲ್ಲಿಗೆ ಕರೆದೊಯ್ಯದಿದ್ದರೆ ಗೋಡೆ ನಮಗೆ ಕಾಣುತ್ತಲೂ ಇರಲಿಲ್ಲ.

ಆಮೇಲೆ ಜಾತಕಗಳ ಕಟ್ಟನ್ನು ಪೂರ್ತಿ ಬಿಚ್ಚಿದಾಗ ಜಯ ಸಂವತ್ಸರದ, ಎಂದರೆ 1894ರ, ಒಂದು ಗಂಡುಮಗುವಿನ ಜಾತಕ ಸಿಕ್ಕಿತು. ಆ ಹೆಸರನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮುತ್ತಾತನ ಲೆಕ್ಕದ ಪುಸ್ತಕದಲ್ಲಿ ಹೇವಿಳಂಬಿ ಸಂವತ್ಸರ ವೈಶಾಖ ಬಹುಳ ಪಾಡ್ಯಮಿ ಸೋಮವಾರದಂದು ತಸಬೀರಿನವನಿಗೆ ಐದು ರೂಪಾಯಿ ಕೊಟ್ಟ ಬಾಬಿತ್ತು. ಹೇವಿಳಂಬಿ 1837ರಲ್ಲಿ ಬಂದಾಗ ಛಾಯಾಗ್ರಹಣವೇ ಪ್ರಕಟವಾಗಿರಲಿಲ್ಲ, 1957ರಲ್ಲಿ ಬಂದಾಗ ಮುತ್ತಾತನಿರಲಿಲ್ಲ. 1897ರಲ್ಲಿ ಆ ತಿಥಿಯು ಮೇ 17ರಂದು ಬೀಳುತ್ತದೆ, ವಾರ ಸೋಮವಾರವೇ ಆಗುತ್ತದೆ. ನೆರಳು ತೋರಿಸಿದ ಅವಧಿಯೊಳಗೇ ಆ ದಿನವಿದೆ. ಐದು ರೂಪಾಯಿ ಕೊಟ್ಟದ್ದು ಇದೇ ಪಟಕ್ಕೆಂದು ಪುಸ್ತಕ ಹೇಳುವುದಿಲ್ಲ. ಆದುದರಿಂದ ದಿನವನ್ನು ನಾವು ಬಹಳ ಸಂಭವನೀಯವೆಂದು ಕರೆಯುತ್ತೇವೆ, ಹೆಂಗಸನ್ನು ಮಾತ್ರ ನಿಶ್ಚಿತವೆನ್ನುತ್ತೇವೆ.

ಉಳಿದದ್ದು ಆಕೆಯ ಹೆಸರು. ನಮ್ಮ ಮನೆಯ ವಂಶವೃಕ್ಷದಲ್ಲಿ ಏಳು ತಲೆಮಾರುಗಳಿವೆ, ಒಬ್ಬಳಾದರೂ ಹೆಂಗಸಿಲ್ಲ. ಪಹಣಿ, ಖಾತೆಗಳೂ ಬಹುಮಟ್ಟಿಗೆ ಹೀಗೆಯೇ. ಶಾನುಭೋಗರ ಕಡತಕ್ಕೆ ಬೇಕಾಗಿದ್ದುದು ಕಂದಾಯ ಕಟ್ಟುವವನ ಹೆಸರು. 1871ರಿಂದ ನಡೆದ ಜನಗಣತಿಗಳು ನಮಗೆ ಎಣಿಕೆಯನ್ನು ಬಿಟ್ಟಿವೆ, ಮನುಷ್ಯರನ್ನು ಬಿಟ್ಟಿಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ಎಂಬ ಜನ ತಲೆತಲಾಂತರದಿಂದ ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೊತ್ತಗೆಗಳಲ್ಲಿ ಬರೆದಿಟ್ಟು ಹಾಡಿ ಹೇಳುತ್ತಾರೆ; ಕಾಶಿ, ಗಯೆ, ಹರಿದ್ವಾರಗಳ ಪಂಡರ ಬಳಿ ಯಾತ್ರೆಗೆ ಬಂದವರ ವಹಿಗಳಿವೆ; ಕರಾವಳಿಯ ಇಗರ್ಜಿಗಳಲ್ಲಿ ನಾಮಕರಣದ ಪುಸ್ತಕಗಳಿವೆ. ನಮ್ಮ ಸಂದರ್ಭದಲ್ಲಿ ನೆರವಾದದ್ದು ಯಾರೂ ದಾಖಲೆಯೆಂದು ಎಣಿಸದ ಒಂದು ವಸ್ತು: ತಂದೆಯವರು ಪಕ್ಷಮಾಸದ ತರ್ಪಣಕ್ಕೆಂದು ಇಟ್ಟುಕೊಂಡಿದ್ದ ಸಣ್ಣ ಪುಸ್ತಕ. ತರ್ಪಣದಲ್ಲಿ ತಂದೆ, ತಾತ, ಮುತ್ತಾತರಷ್ಟೇ ಅಲ್ಲದೆ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೂ ಗೋತ್ರನಾಮ ಸಹಿತ ಕರೆಯಬೇಕು. ಅದರಲ್ಲಿ ಮುತ್ತಜ್ಜಿಯ ಹೆಸರಿನ ಕೆಳಗೆ, ತಾತನ ಕೈಬರಹವನ್ನು ನೋಡಿ ನಕಲು ಮಾಡಿದಂತೆ, ‘ಸಾಪತ್ನ’ ಎಂದು ಗುರುತಿಸಿ ಇನ್ನೊಂದು ಹೆಸರಿತ್ತು. ಆಕೆಯ ಮಗನ ಹೆಸರು ಅಲ್ಲಿರಲಿಲ್ಲ. ಉಪನಯನಕ್ಕೆ ಮೊದಲೇ ಹೋದ ಮಕ್ಕಳಿಗೆ ತರ್ಪಣವಿಲ್ಲ.

ಇದನ್ನೆಲ್ಲ ಸೋದರತ್ತೆಯವರಿಗೆ ಹೇಳಲು ನಾವು ಎರಡು ತಿಂಗಳು ಹಿಂಜರಿದೆವು. ಹೇಳಿದಾಗ ಅವರು ಲೆಕ್ಕಗಳ ವಿಷಯ ಏನನ್ನೂ ಕೇಳಲಿಲ್ಲ. ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಹಾಗಾದ್ರೆ ನಮ್ಮಜ್ಜಿ ಮುಖ ಹೇಗಿತ್ತೂಂತ ಯಾರಿಗೂ ಗೊತ್ತಿಲ್ಲ ಅನ್ನು” ಎಂದರು. ಸ್ವಲ್ಪ ತಡೆದು, “ಈ ಕೂಸಿನ ಹೆಸರೇನಂದೆ?” ಎಂದರು.

ಹೇಳಿದೆವು. ಪಟವನ್ನು ಹೊಸ ಚೌಕಟ್ಟಿಗೆ ಹಾಕುವ ಮುನ್ನ ಹಿಂಬದಿಯಲ್ಲಿ ಬರೆಯಲು ಅವರೇ ಪೆನ್ಸಿಲು ಕೇಳಿದರು. ಶಾಯಿಯಾದರೆ ಕಾಲಾಂತರದಲ್ಲಿ ಮುಂಬದಿಗೆ ಇಳಿಯುತ್ತದೆ, ಪೆನ್ಸಿಲಿನ ಸೀಸ ಇಳಿಯುವುದಿಲ್ಲ. ರಟ್ಟಿನ ಅಂಚಿನಲ್ಲಿ ಮೆಲ್ಲಗೆ ಬರೆಯಬೇಕು. ಅವರು ನಡುಗುವ ಕೈಯಿಂದ ಮೂರು ಹೆಸರುಗಳನ್ನೂ ಕೆಳಗೆ ಹೇವಿಳಂಬಿ ವೈಶಾಖವೆಂದೂ ಬರೆದರು. ತೇದಿಯನ್ನೂ ಬರೆಯಬಹುದೆಂದು ನಾವು ಸೂಚಿಸಿದಾಗ, ನಿಶ್ಚಯವಿಲ್ಲವೆಂದು ನೀನೇ ಅಂದೆಯಲ್ಲ ಎಂದು ಬಿಟ್ಟುಬಿಟ್ಟರು. ಪಟ ಮತ್ತೆ ಅದೇ ಮೊಳೆಗೆ ಹೋಯಿತು. ಶುಕ್ರವಾರದ ಹೂವು ಈಗ ಎರಡಾಗಿದೆ.